ರಾತ್ರಿ ಮಾತ್ರ ಕೈಕೊಡುವ 7ನೇ ಸ್ಟೇಷನ್: ಪಿಎಲ್‌ಸಿ ರಿಮೋಟ್ ಐಒ ಜೊತೆ ನಿಜಕ್ಕೂ ಹೇಗೆ ಮಾತಾಡುತ್ತೆ?

ಕಬ್ಬಿನ_ಗಾಡಿ (ಸೋಮವಾರ, ಬೆಳಗ್ಗೆ 7:40)

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದೇನೆ. ಈಗ ನೈಟ್ ಶಿಫ್ಟ್ ಮುಗಿಸಿ ಬಂದು ಕೂತೆ. ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಬ್ಬು ಫೀಡಿಂಗ್ ಕಡೆ ನಮ್ಮದು ಎಸ್7-300 ಪಿಎಲ್‌ಸಿ (ಮಷಿನ್‌ಗಳನ್ನು ನಡೆಸುವ ಕಂಪ್ಯೂಟರ್), ಪ್ರೊಫಿಬಸ್ ಡಿಪಿ ಅನ್ನುವ ಬಸ್ (ಎಲ್ಲರೂ ಹಂಚಿಕೊಳ್ಳುವ ಒಂದೇ ಡೇಟಾ ಕೇಬಲ್) ಮೇಲೆ 9 ರಿಮೋಟ್ ಐಒ ಸ್ಟೇಷನ್ (ದೂರದ ಸ್ವಿಚ್, ಮೋಟರ್ ತಂತಿಗಳು ಬಂದು ಸೇರುವ ಡಬ್ಬಿ). ಸ್ಪೀಡು 1.5 ಮೆಗಾಬಿಟ್. ಕಂಟ್ರೋಲ್ ರೂಮಿನಿಂದ ಹೊರಟ ನೇರಳೆ ಕೇಬಲ್ ಯಾರ್ಡಿನ ತುದಿವರೆಗೆ ಹೋಗುತ್ತೆ, ಒಟ್ಟು 170 ಮೀಟರ್ ಇರಬಹುದು. ತೊಂದರೆ ಏನಪ್ಪಾ ಅಂದರೆ, ರಾತ್ರಿ ಎರಡು ಮೂರು ಸಲ 7ನೇ ಸ್ಟೇಷನ್ ಬಿಟ್ಟುಹೋಗುತ್ತೆ. ಅದರ ಬಿಎಫ್ (ಬಸ್ ಫಾಲ್ಟ್) ಲ್ಯಾಂಪ್ ಕೆಂಪಗೆ ಹತ್ತುತ್ತೆ, ಕೆಲವು ಸೆಕೆಂಡಿಗೆ ತಾನೇ ಸರಿಹೋಗುತ್ತೆ. ಅಷ್ಟರಲ್ಲಿ ಫೀಡರ್ ಟೇಬಲ್ ನಿಂತಿರುತ್ತೆ, ಮಿಲ್ ಕಡೆಯಿಂದ ಫೋನ್ ಮೇಲೆ ಫೋನ್. ಹಗಲು ಶಿಫ್ಟಿನವರು "ನಮಗೆ ಒಂದು ದಿನವೂ ಬಂದಿಲ್ಲ, ನೀನು ನಿದ್ದೆಗಣ್ಣಲ್ಲಿ ನೋಡಿರಬೇಕು" ಅಂತ ನಗುತ್ತಾರೆ.

ನನ್ನ ಪ್ರಶ್ನೆ ಎರಡು. ಒಂದು, ಇದು ಯಾಕೆ? ಎರಡನೆಯದೇ ನನ್ನ ತಲೆ ತಿನ್ನುತ್ತಿರುವುದು. ಐಒ ಸ್ಟೇಷನ್‌ಗೆ ಬುದ್ಧಿ ಇಲ್ಲ, ಪಿಎಲ್‌ಸಿ ಹೇಳಿದ್ದನ್ನು ಮಾಡುತ್ತೆ ಅಷ್ಟೇ ಅಂತ ಓದಿದ್ದೆ. ಹಾಗಾದರೆ ಪಿಎಲ್‌ಸಿ ಜೊತೆ ಮಾತೇ ಕಟ್ ಆದಾಗ ಔಟ್‌ಪುಟ್ ಆಫ್ ಮಾಡು ಅಂತ ಅದಕ್ಕೆ ಹೇಳಿದ್ದು ಯಾರು? ಟೇಬಲ್ ಓಡುತ್ತಲೇ ಇರಬೇಕಿತ್ತಲ್ವಾ?

---

ಪೀಣ್ಯ_ಪ್ಯಾನೆಲ್ (7:58)

ಟರ್ಮಿನೇಟರ್ (ಬಸ್ ಕೇಬಲ್‌ನ ಎರಡೂ ತುದಿಗೆ ಹಾಕುವ ರೆಸಿಸ್ಟರ್) ನೋಡಿ. ಪ್ರೊಫಿಬಸ್ ತೊಂದರೆಯಲ್ಲಿ ಹತ್ತಕ್ಕೆ ಎಂಟು ಸಲ ಅದೇ.

---

ಸ್ಕೋಪ್_ಇದೆಯಾ (8:05)

ವಿಎಫ್‌ಡಿ (ಮೋಟರ್ ಸ್ಪೀಡ್ ಬದಲಾಯಿಸುವ ಡ್ರೈವ್) ಹತ್ತಿರ ಇದೆಯಾ? ಕೇನ್ ಕ್ಯಾರಿಯರ್ ಡ್ರೈವ್ ಪಕ್ಕದಲ್ಲೇ ಕೇಬಲ್ ಎಳೆದಿರುತ್ತಾರೆ, ಎಲ್ಲ ಕಡೆ ಇದೇ ಕತೆ. ಟರ್ಮಿನೇಟರ್ ತಪ್ಪಿದ್ದರೆ ಹಗಲೂ ಬರಬೇಕಿತ್ತು.

---

ಹಳೇ_ರಿಲೇ (8:31)

ತಮ್ಮಾ, ನಿನ್ನ ಎರಡನೇ ಪ್ರಶ್ನೆ ಚೆನ್ನಾಗಿದೆ. ಅದನ್ನೇ ಮೊದಲು ಹಿಡಿಯೋಣ.

ಊಟದ ಪಂಕ್ತಿ ನೆನಪು ಮಾಡಿಕೋ. ಬಡಿಸುವವನು ಒಬ್ಬ, ಅವನೇ ಮಾಸ್ಟರ್, ಅಂದರೆ ಪಿಎಲ್‌ಸಿ. ಎಲೆ 1, ಎಲೆ 2, ಎಲೆ 3 ಅಂತ ಸಾಲಾಗಿ ಬರುತ್ತಾನೆ. ನಿನ್ನ ಎಲೆ ಮುಂದೆ ನಿಂತಾಗ ಬಡಿಸುತ್ತಾನೆ, ಅದು ಔಟ್‌ಪುಟ್. ಆಗಲೇ ನಿನಗೆ ಬೇಕಾದ್ದನ್ನು ನೀನು ಹೇಳಬಹುದು, ಅದು ಇನ್‌ಪುಟ್. ಅವನು ಪಕ್ಕದ ಎಲೆಗೆ ಹೋದ ಮೇಲೆ ಕೂಗುವ ಹಾಗಿಲ್ಲ. ಮತ್ತೆ ನಿನ್ನ ಸರದಿ ಬರುವವರೆಗೆ ತೆಪ್ಪಗಿರಬೇಕು. ಪ್ರೊಫಿಬಸ್ ಡಿಪಿಯಲ್ಲಿ ಸ್ಲೇವ್, ಅಂದರೆ ಐಒ ಸ್ಟೇಷನ್, ತಾನಾಗಿ ಬಾಯಿ ಬಿಡುವುದೇ ಇಲ್ಲ.

ಈಗ ನಿನ್ನ ಪ್ರಶ್ನೆ. ಬಡಿಸುವವನು ಎಷ್ಟು ಹೊತ್ತಾದರೂ ಬರಲೇ ಇಲ್ಲ ಅಂದರೆ ಏನು ಮಾಡುತ್ತೀಯ? ಎಲೆ ಮಡಚಿ ಎದ್ದೇಳುತ್ತೀಯ. ಸ್ಟೇಷನ್ ಒಳಗೂ ಒಂದು ಗಡಿಯಾರ ಇದೆ, ವಾಚ್‌ಡಾಗ್ ಅಂತಾರೆ. ಮಾಸ್ಟರ್ ಒಂದು ಸಲ ಬಂದು ಹೋದರೆ ಅದು ಸೊನ್ನೆಯಿಂದ ಶುರು. ಇಷ್ಟು ಮಿಲಿಸೆಕೆಂಡಿನಲ್ಲಿ ಮತ್ತೆ ಬರದಿದ್ದರೆ ಸ್ಟೇಷನ್ ತಾನೇ ಔಟ್‌ಪುಟ್ ಆಫ್ ಮಾಡುತ್ತೆ. ಆ ಹೊತ್ತಿನಲ್ಲಿ ಯಾರೂ ಏನೂ ಹೇಳಬೇಕಿಲ್ಲ.

---

ಬಿಟ್_ಬೈಟ್ (8:44)

ಯಾರೂ ಹೇಳಬೇಕಿಲ್ಲ ಅನ್ನುವುದು ಅರ್ಧ ಸತ್ಯ ಸರ್. ವಾಚ್‌ಡಾಗ್ ಎಷ್ಟಿರಬೇಕು ಅಂತ ಹೇಳುವುದೇ ಮಾಸ್ಟರ್. ಪವರ್ ಬಂದ ಕೂಡಲೇ ಡೇಟಾ ಶುರುವಾಗುವುದಿಲ್ಲ. ಮೊದಲು ಮಾಸ್ಟರ್ "ಇದ್ದೀಯಾ, ಹೇಗಿದ್ದೀಯಾ" ಅಂತ ಡಯಾಗ್ನೋಸ್ಟಿಕ್ ಕೇಳುತ್ತೆ. ಆಮೇಲೆ ಪ್ಯಾರಾಮೀಟರ್ ಕಳಿಸುತ್ತೆ. ಸ್ಲೇವ್‌ನ ಐಡೆಂಟ್ ನಂಬರ್ ತಾಳೆ ಆಗಬೇಕು, ವಾಚ್‌ಡಾಗ್ ಟೈಮ್ ಬರುವುದೂ ಅದರಲ್ಲೇ. ಎರಡು ಗುಣಕಗಳನ್ನು ಕಳಿಸುತ್ತೆ, ಅವುಗಳ ಗುಣಲಬ್ಧವನ್ನು 10 ಮಿಲಿಸೆಕೆಂಡಿಗೆ ಗುಣಿಸಿದರೆ ಬರುವುದೇ ವಾಚ್‌ಡಾಗ್. ಮೂರನೆಯದು ಕಾನ್ಫಿಗರೇಷನ್: "ನಿನ್ನಲ್ಲಿ ಇಷ್ಟು ಬೈಟ್ ಇನ್‌ಪುಟ್, ಇಷ್ಟು ಬೈಟ್ ಔಟ್‌ಪುಟ್ ಅಂತ ನನ್ನ ಲೆಕ್ಕ, ಸರಿನಾ?" ಒಂದು ಮಾಡ್ಯೂಲ್ ಹೆಚ್ಚುಕಡಿಮೆ ಇದ್ದರೆ ಇಲ್ಲೇ ಜಗಳ. ಮತ್ತೊಮ್ಮೆ ಡಯಾಗ್ನೋಸ್ಟಿಕ್ ಕೇಳಿ, ಎಲ್ಲ ಸರಿ ಅಂತಾದ ಮೇಲೆ ಡೇಟಾ ಎಕ್ಸ್‌ಚೇಂಜ್.

ಅಂದರೆ "ನಾನು ಇಷ್ಟು ಹೊತ್ತು ಬರಲಿಲ್ಲ ಅಂದರೆ ನೀನು ಕೈಬಿಡು" ಅಂತ ಮಾಸ್ಟರ್ ಮೊದಲ ದಿನವೇ ಬರೆದುಕೊಟ್ಟಿರುತ್ತೆ. ಉಯಿಲು ಇದ್ದ ಹಾಗೆ.

---

ಹಳೇ_ರಿಲೇ (8:50)

ಒಪ್ಪಿದೆ. ನನ್ನ ಪಂಕ್ತಿಗೆ ಉಯಿಲು ತಂದು ಹಾಕಿದೆಯಲ್ಲ ಮಾರಾಯ.

---

ಐಟಿಐ_2019 (9:12)

ಸರ್, ಒಂದು ಡೌಟು. ಪಿಎಲ್‌ಸಿ ಸ್ಕ್ಯಾನ್ ಆಗುವಾಗ ಪ್ರತಿ ಇನ್‌ಪುಟ್ ಬಂದಾಗಲೂ ಸ್ಟೇಷನ್‌ಗೆ ಹೋಗಿ ಕೇಳಿಕೊಂಡು ಬರುತ್ತಾ? ಹಾಗಾದರೆ ಸ್ಲೋ ಆಗಲ್ವಾ?

---

ಬಿಟ್_ಬೈಟ್ (9:30)

ಇಲ್ಲ, ಇಲ್ಲೇ ಜಾಸ್ತಿ ಜನ ಎಡವುವುದು. ಎರಡು ಚಕ್ರ ಬೇರೆ ಬೇರೆ ತಿರುಗುತ್ತಿರುತ್ತವೆ. ಒಂದು ಪ್ರೋಗ್ರಾಂ ಸ್ಕ್ಯಾನ್: ಇನ್‌ಪುಟ್ ಇಮೇಜ್ (ಮೆಮೊರಿಯಲ್ಲಿನ ನಕಲು) ತುಂಬಿಕೊಳ್ಳೋದು, ಲಾಜಿಕ್ ಓಡಿಸೋದು, ಔಟ್‌ಪುಟ್ ಇಮೇಜ್ ಹೊರಗೆ ಕೊಡೋದು. ಇನ್ನೊಂದು ಬಸ್ಸಿನ ಚಕ್ರ. ಬಸ್ ನೋಡಿಕೊಳ್ಳುವ ಭಾಗ ತನ್ನ ಪಾಡಿಗೆ ಸ್ಟೇಷನ್‌ಗಳನ್ನು ಸುತ್ತುತ್ತಾ ಒಂದು ಮೆಮೊರಿ ಡಬ್ಬಿ ತುಂಬಿಸುತ್ತಿರುತ್ತೆ. ಪ್ರೋಗ್ರಾಂ ಆ ಡಬ್ಬಿಯಿಂದ ತೆಗೆದುಕೊಳ್ಳುತ್ತೆ.

ಕಬ್ಬಿನ ಗಾಡಿಯವರ ಬಸ್ಸನ್ನೇ ಲೆಕ್ಕ ಹಾಕೋಣ. 1.5 ಮೆಗಾಬಿಟ್ ಅಂದರೆ ಒಂದು ಬಿಟ್‌ಗೆ 0.67 ಮೈಕ್ರೋಸೆಕೆಂಡ್. ಪ್ರೊಫಿಬಸ್‌ನಲ್ಲಿ ಒಂದು ಬೈಟ್ ಅಂದರೆ ತಂತಿ ಮೇಲೆ 11 ಬಿಟ್: ಸ್ಟಾರ್ಟ್, 8 ಡೇಟಾ, ಪ್ಯಾರಿಟಿ, ಸ್ಟಾಪ್. ಒಂದು ಸ್ಟೇಷನ್‌ಗೆ 8 ಬೈಟ್ ಹೋಗಿ 8 ಬೈಟ್ ಬರುತ್ತೆ ಅಂತಿಟ್ಟುಕೊಳ್ಳಿ. ಡೇಟಾ ಜೊತೆ ವಿಳಾಸ, ಉದ್ದ, ಚೆಕ್‌ಸಮ್ ಎಲ್ಲ ಸೇರಿ ಟೆಲಿಗ್ರಾಂಗೆ (ಒಂದು ಸಂದೇಶಕ್ಕೆ) ಇನ್ನೂ 9 ಬೈಟ್. ಹೋಗುವುದು 17, ಬರುವುದು 17, ಒಟ್ಟು 34 ಬೈಟ್, 374 ಬಿಟ್. ನಡುವಿನ ಬಿಡುವೂ ಸೇರಿಸಿದರೆ ಸುಮಾರು 450 ಬಿಟ್. ಅಂದರೆ 0.3 ಮಿಲಿಸೆಕೆಂಡ್. ಒಂಬತ್ತು ಸ್ಟೇಷನ್ ಸುತ್ತಿ ಬರಲು ಮೂರು ಮಿಲಿಸೆಕೆಂಡೂ ಬೇಡ. ಪ್ರೋಗ್ರಾಂ ಸ್ಕ್ಯಾನ್ 20 ಮಿಲಿಸೆಕೆಂಡ್ ಇದ್ದರೆ, ಅಷ್ಟರಲ್ಲಿ ಬಸ್ಸು ಆರೇಳು ಸುತ್ತು ಹಾಕಿ ಮುಗಿದಿರುತ್ತೆ.

---

ಐಟಿಐ_2019 (9:41)

ಅಬ್ಬಾ. ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಇದನ್ನು ಯಾರೂ ಹೇಳಿರಲಿಲ್ಲ.

---

ಕಡಲ_ಕಡೆ (10:20)

ಮಾರಾಯ್ರೆ, ನಮ್ಮ ಕಡೆ ಪಂಪ್‌ಹೌಸಿನಲ್ಲಿ ಮಾಡ್‌ಬಸ್ ಆರ್‌ಟಿಯು ಅನ್ನುವ ಇನ್ನೊಂದು ಬಸ್. ಅಲ್ಲಿ ಈ ಮೂರು ಮಿಲಿಸೆಕೆಂಡಿನ ಸುಖವೆಲ್ಲ ಇಲ್ಲ. 20 ಎನರ್ಜಿ ಮೀಟರ್ ಒಂದೇ ತಂತಿಯಲ್ಲಿ. ಒಂದು ಮೀಟರ್ ಸತ್ತಿತು ಅಂತಿಟ್ಟುಕೊಳ್ಳಿ. ಟೈಮ್‌ಔಟ್ 1 ಸೆಕೆಂಡ್, ಮೂರು ಸಲ ಕೇಳುವ ಸೆಟ್ಟಿಂಗ್. ಆ ಸತ್ತ ಮೀಟರಿನ ಮುಂದೆ ಮಾಸ್ಟರ್ ಮೂರು ಸೆಕೆಂಡ್ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಉಳಿದ 19 ಮೀಟರ್ ಸರಿ ಇದ್ದರೂ ಸ್ಕ್ರೀನಿನಲ್ಲಿ ನಂಬರ್ ಕುಂಟುತ್ತಾ ಬರುವುದು. ಆಪರೇಟರ್ "ಕಂಪ್ಯೂಟರ್ ಹಳತಾಯಿತು, ಹೊಸತು ಕೊಡಿ" ಅಂತ ಅರ್ಜಿಯನ್ನೇ ಬರೆದಿದ್ದ!

ಮತ್ತೆ ರಿಜಿಸ್ಟರ್ (ಮೀಟರಿನೊಳಗೆ ಒಂದೊಂದು ಬೆಲೆ ಇರುವ ಜಾಗ) 40001 ಅಂತ ಪುಸ್ತಕದಲ್ಲಿ ಇದ್ದದ್ದನ್ನು ತಂತಿಯಲ್ಲಿ 0 ಅಂತ ಕೇಳಬೇಕು. ಒಂದು ರಿಜಿಸ್ಟರ್ ಹಿಂದೆಮುಂದೆ ಆಗಿ ವೋಲ್ಟೇಜಿನ ಜಾಗದಲ್ಲಿ ಕರೆಂಟ್ ತೋರಿಸುವುದನ್ನು ನೋಡದವರು ಯಾರಿದ್ದಾರೆ.

---

ಪೀಣ್ಯ_ಪ್ಯಾನೆಲ್ (10:26)

1979ರ ಮಾಡ್‌ಬಸ್ ಇನ್ನೂ ಬದುಕಿದೆ ಅಂದರೆ ಅದರ ಗಟ್ಟಿತನ ನೋಡಿ. ನಮ್ಮ ಪ್ಯಾನೆಲ್‌ಗಳಲ್ಲಿ ಅರ್ಧ ಅದೇ.

---

ಬಿಟ್_ಬೈಟ್ (10:33)

ಗಟ್ಟಿತನ ಅಲ್ಲ, ಪುಕ್ಕಟೆತನ.

---

ಸ್ಕೋಪ್_ಇದೆಯಾ (11:02)

ದಾರಿ ತಪ್ಪುತ್ತಿದೆ. ಕಬ್ಬಿನ ಗಾಡಿಯವರೇ, ಮೂರು ವಿಷಯ ಹೇಳಿ. 7 ಬಿಟ್ಟುಹೋಗುವ ಹೊತ್ತಿಗೆ ಯಾವುದಾದರೂ ದೊಡ್ಡ ಮೋಟರ್ ಸ್ಟಾರ್ಟ್ ಆಗುತ್ತಾ? ಕೇಬಲ್ ಶೀಲ್ಡ್ ಎಲ್ಲೆಲ್ಲಿ ಅರ್ತ್ ಆಗಿದೆ? 8 ಮತ್ತು 9 ಆ ಹೊತ್ತಿಗೆ ಹೇಗಿರುತ್ತವೆ?

---

ಕಬ್ಬಿನ_ಗಾಡಿ (ಸಂಜೆ 5:15)

ಈಗ ಎದ್ದೆ. ಇಷ್ಟೊಂದು ಬರೆದಿದ್ದೀರಿ, ಥ್ಯಾಂಕ್ಸ್. ವಾಚ್‌ಡಾಗ್ ವಿಷಯ ತಲೆಗೆ ಹೋಯಿತು.

ಹೌದು, ಕೇನ್ ಕ್ಯಾರಿಯರಿನ ವಿಎಫ್‌ಡಿ ಪ್ಯಾನೆಲ್ ಪಕ್ಕದಲ್ಲೇ 7 ಇರುವುದು. ಲೋಡ್ ಬಂದು ಡ್ರೈವ್ ಸ್ಪೀಡ್ ಏರಿಳಿಯುವಾಗಲೇ ಹೋಗುತ್ತೆ ಅಂತ ನನಗೂ ಅನುಮಾನ. ಶೀಲ್ಡ್ ಎರಡೂ ಕಡೆ ಕ್ಲಾಂಪ್ ಆಗಿದೆ, ನೋಡಿದ್ದೇನೆ. 8 ಚೆನ್ನಾಗಿರುತ್ತೆ, ಆಗೊಮ್ಮೆ ಈಗೊಮ್ಮೆ ಮಿನುಗುತ್ತೆ ಅಷ್ಟೇ. 9 ಬಿಡಿ, ಅದು ಸ್ಪೇರ್. ರಾತ್ರಿಯಿಡೀ ಅದು ಕಾಣುವುದೇ ಇಲ್ಲ, ಪ್ರೋಗ್ರಾಂನಲ್ಲಿ ಬೈಪಾಸ್ ಇದೆ. ತಲೆ ಕೆಡಿಸಿಕೊಳ್ಳಬೇಡ ಅಂತ ನಮ್ಮ ಸೀನಿಯರ್ ಮೊದಲ ದಿನವೇ ಹೇಳಿದ್ದರು.

---

ಸ್ಕೋಪ್_ಇದೆಯಾ (5:22)

ವಿಎಫ್‌ಡಿ ಅಂತ ನಾನು ಆಗಲೇ ಹೇಳಿದ್ದೆ. ಮೋಟರ್ ಕೇಬಲ್‌ನಿಂದ ದೂರ ಎಳೆಯಿರಿ, ಮುಗಿಯಿತು.

---

ಪೀಣ್ಯ_ಪ್ಯಾನೆಲ್ (5:30)

ವಿಎಫ್‌ಡಿ ಹಗಲು ಓಡುವುದಿಲ್ವಾ? ಹಂಗಾಮಿನಲ್ಲಿ ಕ್ಯಾರಿಯರ್ 24 ಗಂಟೆ ತಿರುಗುತ್ತೆ. ಟರ್ಮಿನೇಟರ್ ನೋಡಿ ಅಂತ ಮತ್ತೆ ಹೇಳುತ್ತೇನೆ. ಯಾರೋ ನಡುವಿನ ಕನೆಕ್ಟರಿನಲ್ಲಿ ಸ್ವಿಚ್ ಆನ್ ಮಾಡಿಟ್ಟಿರುತ್ತಾರೆ.

---

ಬಿಟ್_ಬೈಟ್ (5:34)

ನಡುವೆ ಆನ್ ಮಾಡಿದ್ದರೆ ಆ ಕನೆಕ್ಟರಿನ ಮುಂದಿನ ಕೇಬಲ್ ಪೂರ್ತಿ ಕಟ್. ಅದರಾಚೆಯ ಸ್ಟೇಷನ್ ಒಂದೂ ಬರಬಾರದು. 8 ಬರುತ್ತಿದೆಯಲ್ಲ.

---

ಜರ್ಮನಿ_ಚಳಿ (ರಾತ್ರಿ 8:10)

ಇಲ್ಲಿ ಒಂದು ಪ್ಯಾಕಿಂಗ್ ಮಷಿನ್ ಕಂಪನಿಯಲ್ಲಿ ಕೆಲಸ, ಹುಟ್ಟೂರು ಹಾಸನ. ಯಾಕೆ ಇನ್ನೂ ಪ್ರೊಫಿಬಸ್ ಕಟ್ಟಿಕೊಂಡು ಒದ್ದಾಡುತ್ತೀರಿ? ಪ್ರೊಫಿನೆಟ್‌ಗೆ ಬದಲಾಯಿಸಿ. ಟರ್ಮಿನೇಟರ್ ಇಲ್ಲ, ವಿಳಾಸದ ಡಿಪ್ ಸ್ವಿಚ್ ಇಲ್ಲ, ಹಸಿರು ಕೇಬಲ್ ಚುಚ್ಚಿದರೆ ಆಯಿತು.

---

ಹಳೇ_ರಿಲೇ (8:21)

ಹಂಗಾಮು ನಡೆಯುವಾಗ ಬಸ್ ಬದಲಾಯಿಸಿ ಅಂತೀಯಲ್ಲಪ್ಪ, ಓಡುವ ಎತ್ತಿಗೆ ಲಾಳ ಕಟ್ಟಿದ ಹಾಗೆ.

---

ಐಟಿಐ_2019 (8:25)

ಪ್ರೊಫಿನೆಟ್ ಅಂದರೆ ಇದೇ ಪಂಕ್ತಿ ಊಟ, ಈಥರ್ನೆಟ್ ತಂತಿ ಮೇಲೆ. ಅಷ್ಟೇ ಅಲ್ವಾ ಸರ್?

---

ಜರ್ಮನಿ_ಚಳಿ (8:52)

ಅಲ್ಲ, ಅಲ್ಲಿ ಪಂಕ್ತಿಯೇ ಇಲ್ಲ. ಶುರುವಿನಲ್ಲಿ ಮಾತ್ರ ಕಂಟ್ರೋಲರ್ ಮುಂದಾಗುತ್ತೆ. ಡಿವೈಸ್‌ಗೆ ಒಂದು ಹೆಸರು ಇರುತ್ತೆ. "ಈ ಹೆಸರಿನವರು ಯಾರು?" ಅಂತ ಕೂಗಿ, ಸಿಕ್ಕವರಿಗೆ ಐಪಿ ವಿಳಾಸ ಕೊಟ್ಟು, ಸಂಬಂಧ ಕುದುರಿಸುತ್ತೆ. ಎಷ್ಟು ಬೈಟ್, ಎಷ್ಟು ಮಿಲಿಸೆಕೆಂಡಿಗೊಮ್ಮೆ ಅಂತ ಆಗಲೇ ಮಾತು ಮುಗಿಯುತ್ತೆ. ಆಮೇಲೆ ಯಾರೂ ಯಾರನ್ನೂ ಕೇಳುವುದಿಲ್ಲ. ಡಿವೈಸ್ ತನ್ನ ಇನ್‌ಪುಟ್ಟನ್ನು 2 ಮಿಲಿಸೆಕೆಂಡಿಗೊಮ್ಮೆ ತಾನೇ ಕಳಿಸುತ್ತಿರುತ್ತೆ, ಕಂಟ್ರೋಲರ್ ತನ್ನ ಔಟ್‌ಪುಟ್ಟನ್ನು ತಾನೇ ಕಳಿಸುತ್ತಿರುತ್ತೆ. ಸುಮ್ನೆ ಟಿಸಿಪಿ ಐಪಿಯ ಸುತ್ತು ಬಳಸುವುದೂ ಇಲ್ಲ, ನೇರ ಈಥರ್ನೆಟ್ ಫ್ರೇಮ್. ಐಪಿ ಬೇಕಾಗುವುದು ಸಂಬಂಧ ಕುದುರಿಸಲು, ಡಯಾಗ್ನೋಸ್ಟಿಕ್ ನೋಡಲು.

ವಾಚ್‌ಡಾಗ್ ಇಲ್ಲೂ ಇದೆ, ಎರಡೂ ಕಡೆ. ಸಾಮಾನ್ಯವಾಗಿ ಮೂರು ಸಲದ ಲೆಕ್ಕ. 2 ಮಿಲಿಸೆಕೆಂಡ್ ಅಪ್‌ಡೇಟ್ ಇದ್ದರೆ 6 ಮಿಲಿಸೆಕೆಂಡ್ ಕಾದು, ಏನೂ ಬರದಿದ್ದರೆ ಸಂಬಂಧ ಮುರಿಯಿತು.

---

ಪೀಣ್ಯ_ಪ್ಯಾನೆಲ್ (9:05)

ಆ ಹೆಸರಿನ ಕಾಟ ನಮ್ಮನ್ನು ಕೇಳಿ. ರಾತ್ರಿ ಎರಡು ಗಂಟೆಗೆ ಗಿರಾಕಿ ಫೋನ್. ಡಿವೈಸ್ ಸುಟ್ಟಿತ್ತು, ಹೊಸದು ಹಾಕಿದ್ದಾರೆ, ಬರುತ್ತಿಲ್ಲ. ಬರುವುದು ಹೇಗೆ? ಹೊಸ ಡಿವೈಸ್‌ಗೆ ಹೆಸರೇ ಇಟ್ಟಿಲ್ಲ! ಲ್ಯಾಪ್‌ಟಾಪ್ ಇರುವ ಮನುಷ್ಯ ಊರಿಗೆ ಹೋಗಿದ್ದಾನೆ. ಪ್ರೊಫಿಬಸ್ ಆಗಿದ್ದರೆ ಸ್ಕ್ರೂಡ್ರೈವರ್‌ನಲ್ಲಿ ವಿಳಾಸ ತಿರುಗಿಸಿ ಮಲಗುತ್ತಿದ್ದರು.

---

ಜರ್ಮನಿ_ಚಳಿ (9:11)

ಪ್ರಾಜೆಕ್ಟಿನಲ್ಲಿ ಯಾವ ಪೋರ್ಟಿಗೆ ಯಾವ ಪೋರ್ಟ್ ಅಂತ ಟೋಪಾಲಜಿ ಬರೆದಿದ್ದರೆ, ಪಕ್ಕದವರನ್ನು ನೋಡಿ ಕಂಟ್ರೋಲರ್ ತಾನೇ ಹೆಸರಿಡುತ್ತೆ. ಅದನ್ನು ಬರೆಯದೆ ಬಿಟ್ಟಿದ್ದು ಯಾರು, ಪ್ಯಾನೆಲ್‌ನವರೇ?

---

ಪೀಣ್ಯ_ಪ್ಯಾನೆಲ್ (9:13)

...ನಾವೇ. ಮುಂದಿನ ವಿಷಯಕ್ಕೆ ಹೋಗೋಣ.

---

ಕಡಲ_ಕಡೆ (9:20)

ಪ್ರೊಫಿನೆಟ್ ಸ್ವಿಚ್ಚಿಗೆ ಯಾರೋ ಸಿಸಿಟಿವಿ ಕ್ಯಾಮೆರಾ ಚುಚ್ಚಿದ ಕತೆ ಬೇಡವಾ? ಪೋರ್ಟ್ ಖಾಲಿ ಇತ್ತಂತೆ, ಚುಚ್ಚಿದರಂತೆ. ಹಸಿರು ಕೇಬಲಾದರೂ ಈಥರ್ನೆಟ್ ಈಥರ್ನೆಟ್ಟೇ, ಸಿಕ್ಕವರೆಲ್ಲ ಚುಚ್ಚುತ್ತಾರೆ. ನೇರಳೆ ಕೇಬಲಿಗೆ ಕ್ಯಾಮೆರಾ ಚುಚ್ಚಿದವನನ್ನು ನಾನು ನೋಡಿಲ್ಲ.

---

ಬಿಟ್_ಬೈಟ್ (9:34)

ಬರೀ ಪಂಕ್ತಿ ಮತ್ತು ತಾನೇ ಕಳಿಸುವುದು ಅಂತ ಎರಡೇ ದಾರಿ ಅಂದುಕೊಳ್ಳಬೇಡಿ. ಈಥರ್‌ಕ್ಯಾಟ್ ನೋಡಿ, 2003ರಲ್ಲಿ ಬೆಕ್‌ಹಾಫ್ ಕಂಪನಿ ತಂದದ್ದು. ಅಲ್ಲಿ ಫ್ರೇಮ್ ಒಂದು ನಿಲ್ಲದ ರೈಲು. ಪ್ರತಿ ಸ್ಟೇಷನ್ ಒಳಗೆ ಹಾದು ಹೋಗುವಾಗಲೇ ತನ್ನ ಬೋಗಿಯಿಂದ ಔಟ್‌ಪುಟ್ ಇಳಿಸಿಕೊಂಡು ಇನ್‌ಪುಟ್ ಹತ್ತಿಸಬೇಕು. ಕೊನೆ ಸ್ಟೇಷನ್ ಮುಟ್ಟಿ ಅದೇ ರೈಲು ವಾಪಸ್. ಎಷ್ಟು ಜನ ಇಳಿಸಿ ಹತ್ತಿಸಿದರು ಅನ್ನುವುದಕ್ಕೆ ಒಂದು ಕೌಂಟರ್ ಇರುತ್ತೆ. ಲೆಕ್ಕ ತಪ್ಪಿ ಬಂದರೆ ಯಾರೋ ಕೈಕೊಟ್ಟಿದ್ದಾರೆ ಅಂತ ಮಾಸ್ಟರ್‌ಗೆ ಗೊತ್ತಾಗುತ್ತೆ.

---

ಐಟಿಐ_2019 (9:40)

ಇನ್‌ಪುಟ್ ಅಂದರೆ ಯಾರಿಗೆ ಇನ್‌ಪುಟ್? ವಿಎಫ್‌ಡಿಗೆ ಸ್ಪೀಡ್ ಕಳಿಸಿದರೆ ಅದು ಡ್ರೈವ್‌ಗೆ ಇನ್‌ಪುಟ್ ಅಲ್ವಾ? ಮೊನ್ನೆ ಇದೇ ವಿಷಯಕ್ಕೆ ಶಿಫ್ಟ್‌ನಲ್ಲಿ ಜಗಳ ಆಯಿತು.

---

ಹಳೇ_ರಿಲೇ (9:44)

ಯಾವಾಗಲೂ ಕಂಟ್ರೋಲರ್ ಕುರ್ಚಿಯಲ್ಲಿ ಕೂತು ನೋಡು. ಸ್ಪೀಡ್ ಕಳಿಸುವುದು ಔಟ್‌ಪುಟ್, ಡ್ರೈವ್‌ನಿಂದ ಬರುವ ಕರೆಂಟ್, ಟ್ರಿಪ್ ಎಲ್ಲ ಇನ್‌ಪುಟ್.

---

ಕಡಲ_ಕಡೆ (9:49)

ಈ ಮಾಸ್ಟರ್, ಸ್ಲೇವ್ ಅನ್ನುವ ಪದಗಳನ್ನು ಮಾಡ್‌ಬಸ್‌ನವರು 2020ರಲ್ಲೇ ಬಿಟ್ಟರು. ಈಗ ಕ್ಲೈಂಟ್, ಸರ್ವರ್. ಅದೂ ತಲೆಕೆಳಗು, ಮೊದಲಿನ ಮಾಸ್ಟರೇ ಈಗ ಕ್ಲೈಂಟ್. ಕನ್ನಡದಲ್ಲಿ ಏನು ಹೇಳೋಣ, ಕೇಳುವವ, ಹೇಳುವವ?

---

ಹಳೇ_ರಿಲೇ (9:52)

ಬಡಿಸುವವ, ಉಣ್ಣುವವ.

---

ಕಬ್ಬಿನ_ಗಾಡಿ (ಮಂಗಳವಾರ, ಬೆಳಗ್ಗೆ 6:55)

ನಿನ್ನೆ ರಾತ್ರಿ ಕ್ಲೀನಿಂಗ್‌ಗೆ ಅಂತ ಒಂದೂವರೆ ಗಂಟೆ ಸ್ಟಾಪ್ ಸಿಕ್ಕಿತು. ಕನೆಕ್ಟರ್ ಎಲ್ಲ ಕಿತ್ತು, ಒಂದು ತುದಿಯಿಂದ ಹಸಿರು ಕೆಂಪು ತಂತಿ ನಡುವೆ ಮೀಟರ್ ಹಿಡಿದೆ. ಎರಡು 220 ಓಂ ರೆಸಿಸ್ಟರ್ ಪ್ಯಾರಲಲ್, 110 ಓಂ ಬರಬೇಕು ಅಂತ ಓದಿದ್ದೆ. 114 ಬಂತು. ಎರಡೂ ತುದಿಯಲ್ಲಿ ಸ್ವಿಚ್ ಆನ್, ನಡುವೆ ಎಲ್ಲ ಆಫ್. ಹಾಗಾದರೆ ಟರ್ಮಿನೇಟರ್ ಸರಿ ಇದೆ ಅಂತಾಯ್ತಲ್ವಾ? ಆ 4 ಓಂ ಜಾಸ್ತಿ ಬಂದಿರುವುದೇ ತಪ್ಪಾ?

---

ಸ್ಕೋಪ್_ಇದೆಯಾ (7:10)

4 ಓಂ ತಂತಿದು. 170 ಮೀಟರ್ ಹೋಗಿ ಬರುವ ತಾಮ್ರದ ರೆಸಿಸ್ಟೆನ್ಸ್ ಆ ಕಡೆಯ 220ಗೆ ಸೇರಿಕೊಳ್ಳುತ್ತೆ. ಮೀಟರ್ ಸರಿಯಾಗೇ ಓದಿದೆ. ನೋಡಿದಿರಾ, ಟರ್ಮಿನೇಟರ್ ಅಲ್ಲ, ವಿಎಫ್‌ಡಿ. ಅದು ಆಗದಿದ್ದರೆ ಬಾಡ್ ರೇಟ್ 187.5 ಕಿಲೋಬಿಟ್‌ಗೆ ಇಳಿಸಿ.

---

ಹಳೇ_ರಿಲೇ (7:48)

ತಡಿ ತಡಿ. ಸ್ಪೀಡ್ ಇಳಿಸಿದರೆ ಜ್ವರಕ್ಕೆ ಮಾತ್ರೆ ನುಂಗಿದ ಹಾಗೆ, ಒಳಗಿನ ರೋಗ ಅಲ್ಲೇ ಇರುತ್ತೆ.

ತಮ್ಮಾ, ಮೀಟರ್ ನಿನಗೆ ತೋರಿಸಿದ್ದು ರೆಸಿಸ್ಟರ್ ಇದೆ ಅಂತ ಮಾತ್ರ. ಪ್ರೊಫಿಬಸ್ ಟರ್ಮಿನೇಟರ್ ಬರೀ 220 ಅಲ್ಲ. ಕೆಂಪು ತಂತಿಯಿಂದ 5 ವೋಲ್ಟ್‌ಗೆ ಒಂದು 390, ಹಸಿರಿನಿಂದ ಗ್ರೌಂಡ್‌ಗೆ ಇನ್ನೊಂದು 390. ಆ 5 ವೋಲ್ಟ್ ಬರುವುದು ಎಲ್ಲಿಂದ? ಕನೆಕ್ಟರ್ ಚುಚ್ಚಿರುವ ಸ್ಟೇಷನ್‌ನಿಂದ. ಅಂದರೆ ಕೊನೆ ಸ್ಟೇಷನ್‌ಗೆ ಪವರ್ ಇರಲೇಬೇಕು, ಅದು ಕೆಲಸಕ್ಕೆ ಬರಲಿ ಬಿಡಲಿ.

ಈಗ ಹೇಳು. ನಿನ್ನ ಕೊನೆ ಸ್ಟೇಷನ್ ಯಾವುದು?

---

ಕಬ್ಬಿನ_ಗಾಡಿ (7:51)

9.

---

ಕಬ್ಬಿನ_ಗಾಡಿ (7:51)

ಅಯ್ಯೋ.

---

ಪೀಣ್ಯ_ಪ್ಯಾನೆಲ್ (7:55)

ಟರ್ಮಿನೇಟರ್ ಅಂತ ನಾನು ಮೊದಲೇ

---

ಬಿಟ್_ಬೈಟ್ (8:20)

ಹಿಗ್ಗಬೇಡಿ, ನೀವು ಹೇಳಿದ್ದು ಸ್ವಿಚ್ ತಪ್ಪಿದೆ ಅಂತ. ಇಲ್ಲಿ ಸ್ವಿಚ್ ಸರಿ ಇದೆ.

ಒಂದು ತಿದ್ದುಪಡಿ ಮೊದಲೇ ಹಾಕಿಬಿಡುತ್ತೇನೆ. ಇಲ್ಲಿ ಈಗ ಎಲ್ಲರೂ "ರಿಫ್ಲೆಕ್ಷನ್, ರಿಫ್ಲೆಕ್ಷನ್" ಅಂತ ಶುರು ಮಾಡುತ್ತಾರೆ. ಪವರ್ ಹೋದರೂ 220 ತಂತಿ ನಡುವೆ ಇದ್ದೇ ಇರುತ್ತೆ, ಅಲೆ ವಾಪಸ್ ಬರುವ ತೊಂದರೆ ಅಷ್ಟಿಲ್ಲ. ಹೋಗುವುದು ಬಯಾಸ್. ಯಾರೂ ಮಾತಾಡದ ಹೊತ್ತಿನಲ್ಲಿ ಎರಡು ತಂತಿ ನಡುವೆ ಸುಮಾರು 1.1 ವೋಲ್ಟ್ ನಿಂತಿರಬೇಕು, ಎರಡೂ ತುದಿಯ ಟರ್ಮಿನೇಟರ್ ಸೇರಿ ಅದನ್ನು ಹಿಡಿದಿರುತ್ತವೆ. ಒಂದು ತುದಿಯ ಪವರ್ ಹೋದರೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ರಿಸೀವರ್‌ಗೆ 0.2 ವೋಲ್ಟ್ ಸಾಕು, ಹಾಗಾಗಿ ಬಸ್ಸು ಓಡುತ್ತೆ. ಆದರೆ ಗದ್ದಲ ತಡೆದುಕೊಳ್ಳುವ ಶಕ್ತಿ ಅರ್ಧ ಹೋಯಿತು. ಆಗ ಪಕ್ಕದ ವಿಎಫ್‌ಡಿ ಒಂದು ಸಲ ಕೆಮ್ಮಿದರೂ ಸಾಕು, ಇಲ್ಲದ ಬಿಟ್ ಇದ್ದ ಹಾಗೆ ಕಾಣುತ್ತೆ. ಮಾಸ್ಟರ್ ಇನ್ನೊಮ್ಮೆ ಕೇಳುತ್ತೆ, ಆಗಲೂ ಕೆಟ್ಟರೆ ಸ್ಟೇಷನ್ ಹೋಯಿತು ಅಂತ ಬರೆದುಕೊಳ್ಳುತ್ತೆ. ವಿಎಫ್‌ಡಿಗೆ ಅತಿ ಹತ್ತಿರ ಇರುವುದು 7. ಅದಕ್ಕೇ 7.

ಹಾಗಾಗಿ ಸ್ಕೋಪ್‌ನವರೂ ತಪ್ಪಲ್ಲ.

---

ಸ್ಕೋಪ್_ಇದೆಯಾ (8:26)

ಒಳ್ಳೆ ಮಾತು ಬಂತು, ಬರೆದಿಟ್ಟುಕೊಳ್ಳುತ್ತೇನೆ. ಆದರೆ 9 ರಾತ್ರಿ ಮಾತ್ರ ಯಾಕೆ ಸಾಯುತ್ತೆ?

---

ಜರ್ಮನಿ_ಚಳಿ (10:15)

ಅದು ಬಿಟ್ಟರೂ ಇನ್ನೊಂದು ಭಯದ ವಿಷಯ ಇದೆ. ಸ್ಟೇಷನ್ ಬಿಟ್ಟುಹೋದಾಗ ಔಟ್‌ಪುಟ್ ಏನಾಗುತ್ತೆ ಅಂತ ಎಲ್ಲರೂ ಕೇಳುತ್ತಾರೆ, ಇನ್‌ಪುಟ್ ಏನಾಗುತ್ತೆ ಅಂತ ಯಾರೂ ಕೇಳುವುದಿಲ್ಲ. ಎಸ್7-300ನಲ್ಲಿ ಆ ಸ್ಟೇಷನ್ನಿನ ಇನ್‌ಪುಟ್ ಇಮೇಜ್ ಸೊನ್ನೆ ಆಗುತ್ತೆ. ಟ್ಯಾಂಕ್ ಲೆವೆಲ್ ಸೊನ್ನೆ ಅಂತ ಕಂಡರೆ ಪ್ರೋಗ್ರಾಂ ಏನು ಮಾಡುತ್ತೆ? ವಾಲ್ವ್ ಪೂರ್ತಿ ತೆರೆಯುತ್ತೆ, ಟ್ಯಾಂಕ್ ತುಂಬಿ ಹರಿಯುತ್ತೆ. ಸ್ಟೇಷನ್ ಸರಿ ಇದೆಯಾ ಅನ್ನುವ ಬಿಟ್ ನೋಡದೆ ಯಾವ ಅನಲಾಗ್ ಬೆಲೆಯನ್ನೂ ನಂಬಬೇಡಿ.

---

ಕಡಲ_ಕಡೆ (10:31)

ಔಟ್‌ಪುಟ್ ಕೂಡ ಯಾವಾಗಲೂ ಸೊನ್ನೆ ಆಗಬೇಕು ಅಂತಿಲ್ಲ. ಸುಮಾರು ಮಾಡ್ಯೂಲ್‌ಗಳಲ್ಲಿ ಕೊನೆಯ ಬೆಲೆ ಹಿಡಿದಿಡು ಅಂತ ಸೆಟ್ ಮಾಡಬಹುದು. ಫೀಡರ್ ಟೇಬಲ್ ನಿಲ್ಲುವುದೇ ಸರಿ. ಬೇರಿಂಗಿಗೆ ನೀರು ಕೊಡುವ ಪಂಪ್ ನಿಂತರೆ ಬೇರಿಂಗ್ ಹೋಯಿತು.

---

ಹಳೇ_ರಿಲೇ (10:40)

ಕೊನೆ ಬೆಲೆ ಹಿಡಿಯುವ ಸೆಟ್ಟಿಂಗ್ ಇಟ್ಟವರು ದಯವಿಟ್ಟು ಎಮರ್ಜೆನ್ಸಿ ಸ್ಟಾಪನ್ನು ತಂತಿಯಲ್ಲೇ ಇಡಿ, ಬಸ್ಸಿಗೆ ಬಿಡಬೇಡಿ.

---

ಬಿಟ್_ಬೈಟ್ (10:44)

ಬಸ್ ಮೇಲೇ ಸುರಕ್ಷತೆ ನೋಡಿಕೊಳ್ಳಲು ಪ್ರೊಫಿಸೇಫ್ ಇದೆ ಸರ್. ಟೆಲಿಗ್ರಾಂ ಒಳಗೇ ಬೇರೆ ಸಿಆರ್‌ಸಿ (ಡೇಟಾ ಕೆಟ್ಟಿದ್ದರೆ ಹಿಡಿಯುವ ಚೆಕ್), ಬೇರೆ ಲೆಕ್ಕದ ನಂಬರ್, ಬೇರೆ ವಾಚ್‌ಡಾಗ್. ಕಾಲ ಬದಲಾಗಿದೆ.

---

ಹಳೇ_ರಿಲೇ (10:46)

ಇರಬಹುದಪ್ಪ. ನನ್ನ ಬೆರಳು ಹತ್ತೂ ಇವೆ, ತಂತಿಯ ದಯೆಯಿಂದ.

---

ಪೀಣ್ಯ_ಪ್ಯಾನೆಲ್ (11:20)

ಎಸ್7-300 ಅಂದಿರಿ, ಓಬಿ 86 (ಸ್ಟೇಷನ್ ಬಿಟ್ಟುಹೋದಾಗ ಓಡುವ ಪ್ರೋಗ್ರಾಂ ಬ್ಲಾಕ್) ಲೋಡ್ ಆಗಿದೆ ತಾನೇ? ಅದಿಲ್ಲದಿದ್ದರೆ ಒಂದು ಸ್ಟೇಷನ್ ಬಿಟ್ಟುಹೋದ ಕೂಡಲೇ ಸಿಪಿಯು ಸ್ಟಾಪ್‌ಗೆ ಹೋಗುತ್ತೆ. ಒಳಗೆ ಒಂದು ಸಾಲೂ ಬರೆಯಬೇಕಿಲ್ಲ, ಖಾಲಿ ಬ್ಲಾಕ್ ಇದ್ದರೂ ಸಾಕು. ನಮ್ಮ ಹುಡುಗ ಒಮ್ಮೆ ಮರೆತು, ಒಂದು ಸ್ಟೇಷನ್ನಿನ ಫ್ಯೂಸ್ ಹೋಗಿದ್ದಕ್ಕೆ ಇಡೀ ಲೈನ್ ಮಲಗಿತ್ತು.

---

ಕಬ್ಬಿನ_ಗಾಡಿ (11:25)

ಇದೆ ಸರ್, ಅದಕ್ಕೇ ಬರೀ ಟೇಬಲ್ ನಿಲ್ಲುತ್ತೆ. ಇವತ್ತು ನಿದ್ದೆ ಬಿಟ್ಟು ಹಗಲಲ್ಲೇ ಹೋಗಿ 9 ನೋಡಿಕೊಂಡು ಬರುತ್ತೇನೆ.

---

ಐಟಿಐ_2019 (11:28)

ಇಲಿ ಕಡಿದಿರುತ್ತೆ ನೋಡಿ. ನಮ್ಮಲ್ಲಿ ಎಲ್ಲದಕ್ಕೂ ಕೊನೆಗೆ ಇಲಿಯೇ.

---

ಕಬ್ಬಿನ_ಗಾಡಿ (ಮಂಗಳವಾರ, ರಾತ್ರಿ 9:30)

ಇಲಿ ಅಲ್ಲ. ಸ್ಟೋರ್‌ಕೀಪರ್ ಕಾಕಾ.

9ನೇ ಪ್ಯಾನೆಲ್ ಇರುವುದು ಹಳೇ ತೂಕದ ಕಾಟಾ ಪಕ್ಕದ ರೂಮಿನ ಹೊರಗೋಡೆಯಲ್ಲಿ. ಕಾಟಾ ಬೇರೆ ಕಡೆ ಹೋಗಿ ವರ್ಷಗಳಾಯಿತು, ರೂಮು ಈಗ ಗೋಣಿಚೀಲ, ಹಗ್ಗ ಇಡುವ ಸ್ಟೋರ್. ಪ್ಯಾನೆಲ್‌ನ ಪವರ್ ಬಂದಿರುವುದು ಆ ರೂಮಿನ ಲೈಟಿನ ಡಿಸ್ಟ್ರಿಬ್ಯೂಷನ್ ಬೋರ್ಡ್‌ನಿಂದ! ಮಧ್ಯಾಹ್ನ ಹೋದಾಗ 9 ಚೆನ್ನಾಗಿ ಹಸಿರು ತೋರಿಸುತ್ತಾ ಕೂತಿತ್ತು. ಅದು ಹಸಿರಾಗಿದ್ದನ್ನು ನಾನು ನೋಡಿದ್ದೇ ಮೊದಲ ಸಲ. ಹಗಲು ಶಿಫ್ಟಿನವರಿಗೆ ಅದು ಯಾವಾಗಲೂ ಹಸಿರು, ನಮಗೆ ಯಾವಾಗಲೂ ಇಲ್ಲ. ಇಷ್ಟು ದಿನ ಒಬ್ಬರಿಗೊಬ್ಬರು ಹೇಳಿಕೊಂಡೇ ಇಲ್ಲ.

ಕಾಕಾ ಸಂಜೆ ಏಳಕ್ಕೆ ಬೀಗ ಹಾಕುವ ಮೊದಲು ಮೇನ್ ಕೆಳಗೆ ಎಳೆದು ಹೋಗುತ್ತಾರೆ. "ಗೋಣಿಚೀಲ ಐತಿ, ಬೆಂಕಿ ಗಿಂಕಿ ಆದ್ರ?" ಅಂದರು. ಏನೂ ಹೇಳಲಾಗಲಿಲ್ಲ, ಅವರು ಹೇಳಿದ್ದು ಸರಿಯೇ.

ಸದ್ಯಕ್ಕೆ 8ನೇ ಪ್ಯಾನೆಲ್‌ನ 24 ವೋಲ್ಟ್ ಸಪ್ಲೈಯಿಂದ ಒಂದು ಲೈನ್ ಎಳೆದು 9ಕ್ಕೆ ಕೊಟ್ಟಿದ್ದೇವೆ. 8 ಯುಪಿಎಸ್ ಮೇಲಿದೆ.

---

ಬಿಟ್_ಬೈಟ್ (9:41)

ಅದು ತೇಪೆ. ಪ್ರೊಫಿಬಸ್‌ಗೆ ಬೇರೆಯೇ ಆಕ್ಟಿವ್ ಟರ್ಮಿನೇಟರ್ ಡಬ್ಬಿ ಸಿಗುತ್ತೆ, ತನ್ನದೇ 24 ವೋಲ್ಟ್ ತೆಗೆದುಕೊಳ್ಳುತ್ತೆ. ಅದನ್ನು ತುದಿಗೆ ಹಾಕಿ. ಆಮೇಲೆ ಯಾವ ಸ್ಟೇಷನ್ ಆಫ್ ಮಾಡಿದರೂ ಬಸ್ಸಿಗೆ ಚಿಂತೆ ಇಲ್ಲ.

---

ಸ್ಕೋಪ್_ಇದೆಯಾ (9:45)

ವಿಎಫ್‌ಡಿ ಕೇಬಲ್‌ನಿಂದ ದೂರ ಎಳೆಯುವುದನ್ನೂ ಮರೆಯಬೇಡಿ, ಹಂಗಾಮು ಮುಗಿದ ಮೇಲೆ.

---

ಕಬ್ಬಿನ_ಗಾಡಿ (ಶನಿವಾರ, ಬೆಳಗ್ಗೆ 7:05)

ನಾಲ್ಕು ರಾತ್ರಿ ಆಯಿತು, 7 ಒಂದು ಸಲವೂ ಹೋಗಿಲ್ಲ. ಟರ್ಮಿನೇಟರ್ ಡಬ್ಬಿಗೆ ಇಂಡೆಂಟ್ ಹಾಕಿದ್ದೇನೆ. ಇಂಡೆಂಟ್ ಹೋಗಬೇಕಾದ್ದು ಅದೇ ಸ್ಟೋರ್‌ಕೀಪರ್ ಕಾಕಾ ಹತ್ತಿರ.

---

ಹಳೇ_ರಿಲೇ (7:20)

ಕಾಕಾಗೆ ಚಹಾ ಕುಡಿಸು, ಬೇಗ ಬರುತ್ತೆ. ಅಂದಹಾಗೆ ಆ 9ಕ್ಕೆ ಈಗ ಏನು ಜೋಡಿಸಿದೆ?

---

ಕಬ್ಬಿನ_ಗಾಡಿ (7:26)

ಹಳೇ ಕಾಟಾದ ಗೇಟಿನ ಒಂದು ಲಿಮಿಟ್ ಸ್ವಿಚ್. ಗೇಟೇ ಇಲ್ಲ ಸರ್, ಸ್ವಿಚ್ ಮಾತ್ರ ಕಂಬದ ಮೇಲಿದೆ.